ಹಾಸನದ ಮತ ಲೆಕ್ಕ: ಕೆಲಸ ಎಲ್ಲಿವರೆಗೆ ಬಂತು

ಹಾಸನ ಲೋಕಸಭಾ ಕ್ಷೇತ್ರದ 2019 ಮತ್ತು 2024ರ ಫಲಿತಾಂಶವನ್ನು ಬೂತ್ ಬೂತ್ ಆಗಿ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಹಿಡಿದಿದ್ದೇನೆ. ಕೂಲಿ ಇಲ್ಲದ ಕೆಲಸ, ಸುಮ್ನೆ ಆಸಕ್ತಿಗೆ ಶುರು ಮಾಡಿದ್ದು. ನನ್ನ ಪ್ರಶ್ನೆ ಒಂದೇ. ಜೆಡಿಎಸ್ 2024ರಲ್ಲಿ ಮತ್ತೆ ದೇವೇಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣ ಅವರಿಗೇ ಟಿಕೆಟ್ ಕೊಟ್ಟಾಗ ಹಾಸನದ ಮತದಾರ ಅದಕ್ಕೆ ಏನು ಉತ್ತರ ಕೊಟ್ಟ? ಟಿವಿಯಲ್ಲಿ ಹೇಳಿದ ಉತ್ತರ ನನಗೆ ಸಾಲಲಿಲ್ಲ.

ಮೊದಲು ದೊಡ್ಡ ಲೆಕ್ಕ. 2019ರಲ್ಲಿ ಪ್ರಜ್ವಲ್‌ಗೆ 6,76,606 ಮತ. ಬಿಜೆಪಿಯ ಎ. ಮಂಜು ಅವರಿಗೆ 5,35,282. ಅಂತರ 1,41,324. ಆಗ ಜೆಡಿಎಸ್ ಜೊತೆಗಿದ್ದದ್ದು ಕಾಂಗ್ರೆಸ್. 2024ರಲ್ಲಿ ಜೊತೆಗಾರ ಬದಲಾಗಿ ಬಿಜೆಪಿ ಬಂತು. ಪ್ರಜ್ವಲ್‌ಗೆ 6,30,339, ಕಾಂಗ್ರೆಸ್‌ನ ಶ್ರೇಯಸ್ ಪಟೇಲ್‌ಗೆ 6,72,988. ಶ್ರೇಯಸ್ ಗೆದ್ದದ್ದು 42,649 ಮತಗಳಿಂದ. ಎರಡು ಸಲವೂ ನೂರಕ್ಕೆ ಸುಮಾರು 77 ಜನ ಬಂದು ಓಟು ಹಾಕಿದ್ದಾರೆ. ಹಾಗಾಗಿ ಜನ ಬೇಸರದಿಂದ ಮನೆಯಲ್ಲೇ ಕೂತರು ಅನ್ನುವ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಬಂದರು, ಸಾಲಲ್ಲಿ ನಿಂತರು, ಬೇರೆ ಗುಂಡಿ ಒತ್ತಿದರು.

2023ರ ವಿಧಾನಸಭೆಯನ್ನೂ ಇದರ ಪಕ್ಕ ಇಡಬೇಕು. ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಸೀಟು. ಶ್ರವಣಬೆಳಗೊಳ, ಹಾಸನ, ಹೊಳೆನರಸೀಪುರ, ಅರಕಲಗೂಡು ಜೆಡಿಎಸ್‌ಗೆ. ಬೇಲೂರು, ಸಕಲೇಶಪುರ ಬಿಜೆಪಿಗೆ. ಅರಸೀಕೆರೆ ಮತ್ತು ಚಿಕ್ಕಮಗಳೂರು ಜಿಲ್ಲೆಯ ಕಡೂರು ಮಾತ್ರ ಕಾಂಗ್ರೆಸ್‌ಗೆ. ಅಂದರೆ ಮೈತ್ರಿಯ ಕೈಯಲ್ಲಿ ಎಂಟರಲ್ಲಿ ಆರು ಶಾಸಕರಿದ್ದರು. ಇಷ್ಟಿದ್ದೂ ಸೋಲು. ಕಾಗದದ ಮೇಲೆ ಕೂಡಿಸಿದ ಲೆಕ್ಕ ಊರಲ್ಲಿ ಕೂಡಲಿಲ್ಲ.

ನನಗೆ ಹೆಚ್ಚು ಹೇಳಿದ್ದು ಅಕ್ಕಪಕ್ಕದ ಕ್ಷೇತ್ರಗಳ ಪಟ್ಟಿ. ಅದೇ ಚುನಾವಣೆ, ಅದೇ ಮೈತ್ರಿ. ಮಂಡ್ಯದಲ್ಲಿ ಎಚ್.ಡಿ. ಕುಮಾರಸ್ವಾಮಿ 2,84,620 ಮತಗಳಿಂದ ಗೆದ್ದರು. ಬೆಂಗಳೂರು ಗ್ರಾಮಾಂತರದಲ್ಲಿ ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ಬಿಜೆಪಿ ಚಿಹ್ನೆಯಲ್ಲಿ ನಿಂತು ಎರಡೂವರೆ ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ತುಮಕೂರು, ಮೈಸೂರು, ಉಡುಪಿ-ಚಿಕ್ಕಮಗಳೂರು ಎಲ್ಲ ಕಡೆ ಬಿಜೆಪಿ ಗೆದ್ದಿತು. ಸುತ್ತ ಎಲ್ಲಾ ಕಡೆ ಗೆದ್ದ ಮೈತ್ರಿ, ಗೌಡರ ಸ್ವಂತ ಜಿಲ್ಲೆಯಲ್ಲಿ ಸೋತಿತು. ದೇವೇಗೌಡರ ಕುಟುಂಬದ ಮೇಲೆಯೇ ಜನಕ್ಕೆ ಸಿಟ್ಟು ಬಂದಿತ್ತು ಅನ್ನೋಣ ಅಂದರೆ ಮಂಡ್ಯದಲ್ಲಿ ಮಗ, ಗ್ರಾಮಾಂತರದಲ್ಲಿ ಅಳಿಯ ಗೆದ್ದಿದ್ದಾರಲ್ವಾ? ಮೈತ್ರಿ ಜನಕ್ಕೆ ಹಿಡಿಸಲಿಲ್ಲ ಅನ್ನೋಣ ಅಂದರೆ ಪಕ್ಕದ ಜಿಲ್ಲೆಗಳು ಒಪ್ಪಿಕೊಂಡಿವೆ. ಉಳಿದದ್ದು ಅಭ್ಯರ್ಥಿ. ಹಾಸನದ ಉತ್ತರ ಆ ಒಂದು ಆಯ್ಕೆಗೆ ಕೊಟ್ಟದ್ದು ಅನ್ನುವುದು ಈವರೆಗಿನ ಕೆಲಸದಿಂದ ನನಗೆ ಗಟ್ಟಿಯಾದ ಮಾತು.

ಆದರೆ ಯಾವ ಕಾರಣಕ್ಕೆ? ಇಲ್ಲೇ ಎಲ್ಲರೂ ಅವಸರ ಮಾಡುವುದು.

ಮತದಾನ ನಡೆದದ್ದು 2024ರ ಏಪ್ರಿಲ್ 26ರಂದು. ಪ್ರಜ್ವಲ್ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳಿಗೆ ಎಸ್‌ಐಟಿ (ವಿಶೇಷ ತನಿಖಾ ತಂಡ) ತನಿಖೆಯ ಘೋಷಣೆ ಆದದ್ದು ಮರುದಿನ. ಪಕ್ಷ ಅವರನ್ನು ಅಮಾನತು ಮಾಡಿದ್ದು 30ರಂದು. ದೇಶಕ್ಕೆಲ್ಲ ವಿಷಯ ಗೊತ್ತಾಗುವ ಹೊತ್ತಿಗೆ ಹಾಸನದ ಮತಯಂತ್ರಗಳು ಸ್ಟ್ರಾಂಗ್ ರೂಮಿನಲ್ಲಿದ್ದವು. ಜೂನ್ 4ರ ಫಲಿತಾಂಶ ನೋಡಿ 'ಜನ ಆ ಕೃತ್ಯಕ್ಕೆ ಶಿಕ್ಷೆ ಕೊಟ್ಟರು' ಎಂದವರಿದ್ದಾರೆ. 'ಇಷ್ಟೆಲ್ಲಾ ಗೊತ್ತಿದ್ದೂ ಆರು ಲಕ್ಷ ಜನ ಓಟು ಹಾಕಿದರು' ಎಂದು ಹಾಸನದವರನ್ನು ಬೈದವರೂ ಇದ್ದಾರೆ. ಇಬ್ಬರೂ ತಾರೀಕು ನೋಡಿಲ್ಲ. ಮತದಾನಕ್ಕೆ ಮುಂಚಿನ ದಿನಗಳಲ್ಲಿ ಜಿಲ್ಲೆಯಲ್ಲಿ ಆ ದೌರ್ಜನ್ಯದ ವಿಡಿಯೋಗಳಿದ್ದ ಪೆನ್‌ಡ್ರೈವ್ ಹರಿದಾಡಿದ್ದು ನಿಜ. ಕೆಲವರಿಗೆ ಗೊತ್ತಿತ್ತು, ಕೆಲವರ ಕಿವಿಗೆ ಬಿದ್ದಿತ್ತು, ಬಹಳ ಜನ ಅದನ್ನು ಚುನಾವಣೆ ಹೊತ್ತಿನ ಅಪಪ್ರಚಾರ ಅಂದುಕೊಂಡಿದ್ದರು. ಯಾರಿಗೆ ಎಷ್ಟು ಗೊತ್ತಿತ್ತು ಅಂತ ಯಾವ ಬೂತ್ ಲೆಕ್ಕವೂ ಹೇಳುವುದಿಲ್ಲ.

ಅದಕ್ಕೂ ಹಿಂದಿನದನ್ನು ನೋಡಿ. ಹೈಕೋರ್ಟ್ 2023ರ ಸೆಪ್ಟೆಂಬರ್ 1ರಂದು ಪ್ರಜ್ವಲ್ ಅವರ 2019ರ ಆಯ್ಕೆಯನ್ನೇ ಅಸಿಂಧು ಮಾಡಿತ್ತು. ಅಫಿಡವಿಟ್‌ನಲ್ಲಿ ಆಸ್ತಿ ವಿವರ ಮುಚ್ಚಿಟ್ಟದ್ದು ಕಾರಣ. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ತಡೆಯ ಬಲದಲ್ಲೇ ಅವರು ಮತ್ತೆ ನಿಂತದ್ದು. ಆ ಕೇಸು ಹಾಕಿದವರಲ್ಲಿ ಒಬ್ಬರು ಎ. ಮಂಜು. ತೀರ್ಪು ಬರುವ ಹೊತ್ತಿಗೆ ಅವರೇ ಜೆಡಿಎಸ್ ಶಾಸಕ! ತಾವು ಕೋರ್ಟಿಗೆ ಎಳೆದ ಅಭ್ಯರ್ಥಿಯ ಪಕ್ಷದಲ್ಲೇ ನಿಂತು 2024ರ ಚುನಾವಣೆ ಎದುರಿಸಬೇಕಾದ ಸ್ಥಿತಿ ಅವರದ್ದು. ಮೇಲಿನವರು ಕೈ ಕುಲುಕಿದ ಕೂಡಲೇ ಕೆಳಗಿನವರ ಐದು ವರ್ಷದ ಜಗಳ ಮಾಯವಾಗುತ್ತದೆ ಅಂತ ಪಕ್ಷಗಳು ಹೇಗೆ ನಂಬುತ್ತವೋ ನನಗೆ ಅರ್ಥವಾಗುವುದಿಲ್ಲ.

ಹಾಸನ ನಗರದಲ್ಲಂತೂ ಈ ಜಗಳ ಹಸಿಹಸಿ. 2018ರಲ್ಲಿ ಬಿಜೆಪಿಯ ಪ್ರೀತಂ ಗೌಡ ಗೆದ್ದಿದ್ದರು. 2023ರಲ್ಲಿ ಪ್ರೀತಂ ಅವರನ್ನು ಜೆಡಿಎಸ್‌ನ ಸ್ವರೂಪ್ ಪ್ರಕಾಶ್ ಸೋಲಿಸಿದರು. ವರ್ಷ ತುಂಬುವ ಮೊದಲೇ ಅದೇ ಬಿಜೆಪಿ ಹುಡುಗರಿಗೆ ತೆನೆ ಹೊತ್ತ ಮಹಿಳೆಗೆ ಓಟು ಕೇಳಿ ಅಂದರು. ಮತಯಂತ್ರದಲ್ಲಿ ಕಮಲದ ಚಿಹ್ನೆಯೇ ಇಲ್ಲ. ಮೋದಿಗೆ ಓಟು ಹಾಕಬೇಕು ಅಂತ ಬಂದವನು ಕಮಲ ಹುಡುಕಿ, ಸಿಗದೆ, ಮೊನ್ನೆವರೆಗೆ ಬೈದ ಗುರುತಿನ ಎದುರಿನ ಗುಂಡಿ ಒತ್ತಬೇಕು. ಎಷ್ಟು ಜನ ಒತ್ತಿದರು, ಎಷ್ಟು ಜನರ ಬೆರಳು ಪಕ್ಕಕ್ಕೆ ಸರಿಯಿತು ಅನ್ನುವುದನ್ನು ಹಿಡಿಯುವುದೇ ಈಗಿನ ಕೆಲಸ.

ಅದಕ್ಕೆ ಬಳಸುತ್ತಿರುವುದು ಫಾರಂ 20. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಸಹಿ ಹಾಕುವ ಹಾಳೆ. ಒಂದೊಂದು ಸಾಲು ಒಂದೊಂದು ಮತಗಟ್ಟೆ. ಎಡಕ್ಕೆ ಮತಗಟ್ಟೆ ಸಂಖ್ಯೆ, ಆಮೇಲೆ ಅಭ್ಯರ್ಥಿಗಳ ಕಾಲಂ, ಸಿಂಧು ಮತ, ತಿರಸ್ಕೃತ, ನೋಟಾ, ಒಟ್ಟು. ಅಂಚೆ ಮತ ಕೊನೆಯಲ್ಲಿ ಬೇರೆ ಇರುತ್ತದೆ, ಅದನ್ನು ಯಾವ ಊರಿಗೂ ಸೇರಿಸಲು ಬರುವುದಿಲ್ಲ. ನೋಡಲು ಸರಳ. ತೊಂದರೆ ಇರುವುದು ಸ್ಕ್ಯಾನ್‌ನಲ್ಲಿ. ಹಾಳೆ ಸೊಟ್ಟಗೆ ಬಂದಿರುತ್ತದೆ, 3 ಮತ್ತು 8 ಒಂದೇ ಥರ ಕಾಣುತ್ತವೆ. ಸಾಫ್ಟ್‌ವೇರ್ ಓದಿದ್ದನ್ನು ನಂಬದೆ, ಪ್ರತಿ ಸಾಲಿನ ಅಭ್ಯರ್ಥಿ ಮತಗಳನ್ನು ಕೂಡಿಸಿ ಹಾಳೆಯಲ್ಲಿರುವ ಮೊತ್ತಕ್ಕೆ ತಾಳೆ ನೋಡುತ್ತಿದ್ದೇನೆ. ತಾಳೆ ಆಗದ ಸಾಲಿಗೆ ಹಳದಿ ಬಣ್ಣ. ಹಳದಿ ಹೋಗುವ ತನಕ ಆ ಸಾಲು ಲೆಕ್ಕಕ್ಕಿಲ್ಲ.

ಇನ್ನೊಂದು ತೊಡಕು ಮತಗಟ್ಟೆ ಸಂಖ್ಯೆಗಳದ್ದು. ಮತದಾರರು ಜಾಸ್ತಿಯಾದ ಕಡೆ ಬೂತ್ ಒಡೆಯುತ್ತಾರೆ. ಆಗ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಹಾಗಾಗಿ ಸಂಖ್ಯೆಯಿಂದ ಅಲ್ಲ, ಶಾಲೆಯ ಹೆಸರಿನಿಂದ ಹೊಂದಿಸಬೇಕು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಎಡ ಭಾಗದ ಕೊಠಡಿ, ಬಲ ಭಾಗದ ಕೊಠಡಿ. ಒಂದೇ ಊರಿನ ಎರಡು ಕೊಠಡಿಯನ್ನು ಕೂಡಿಸಿ ಒಂದು ಸಾಲು ಮಾಡುತ್ತಿದ್ದೇನೆ. ಹೊಳೆನರಸೀಪುರ, ಹಾಸನ ಹೀಗೆ ಹೊಂದಿಸಿ ಮುಗಿದಿವೆ. ಸಕಲೇಶಪುರ ನಡೆಯುತ್ತಿದೆ. ಕಾಫಿ ತೋಟದ ಕಡೆ ಒಂದು ಮತಗಟ್ಟೆಗೆ ಚದುರಿದ ಹಳ್ಳಿಗಳು ಸೇರಿಕೊಂಡಿರುವುದರಿಂದ ಅಲ್ಲಿ ನಿಧಾನ.

ಮೊದಲು ಹೊಳೆನರಸೀಪುರ ತೆಗೆದುಕೊಂಡದ್ದಕ್ಕೆ ಕಾರಣ ಇದೆ. 2023ರಲ್ಲಿ ಪ್ರಜ್ವಲ್ ಅವರ ತಂದೆ ಎಚ್.ಡಿ. ರೇವಣ್ಣ ಅಲ್ಲಿ ಗೆದ್ದದ್ದು ಬರೀ 3,152 ಮತಗಳಿಂದ. ಎದುರು ಇದ್ದದ್ದು ಇದೇ ಶ್ರೇಯಸ್ ಪಟೇಲ್. ಗೌಡರ ಮನೆ ಬಾಗಿಲಲ್ಲೇ ಗಾಳಿ ತಿರುಗಿದ್ದು ಲೋಕಸಭೆಗೆ ಒಂದು ವರ್ಷ ಮುಂಚೆ. ಶ್ರೇಯಸ್ ಅವರ ಅಜ್ಜ ಜಿ. ಪುಟ್ಟಸ್ವಾಮಿಗೌಡ 1999ರಲ್ಲಿ ದೇವೇಗೌಡರನ್ನೇ ಹಾಸನದಲ್ಲಿ ಸೋಲಿಸಿದವರು. ಹಾಗಾಗಿ ಇಲ್ಲಿನ ಮತದಾರ ಗೌಡರ ಮನೆಗೆ 'ಇಲ್ಲ' ಅಂದದ್ದು ಇದೇ ಮೊದಲಲ್ಲ. ಹೊರಗಿನವರು ಹಾಸನವನ್ನು ಕಣ್ಣು ಮುಚ್ಚಿ ಓಟು ಹಾಕುವ ಜಿಲ್ಲೆ ಅಂತ ಬರೆದಾಗ ನನಗೆ ನೋವಾಗುತ್ತದೆ. ದಾಖಲೆ ಹಾಗೆ ಹೇಳುವುದಿಲ್ಲ.

ಅಂಕಿಗಳ ಜೊತೆಗೆ ಮಾತುಗಳನ್ನೂ ಬರೆದಿಟ್ಟುಕೊಳ್ಳುತ್ತಿದ್ದೇನೆ. ಊರಿಗೆ ಹೋದಾಗ, ಟೀ ಅಂಗಡಿಯಲ್ಲಿ, ಸಂತೆಯಲ್ಲಿ. ಹೆಸರು, ಊರು ಬರೆಯುವುದಿಲ್ಲ. 'ಯಾರಿಗೆ ಹಾಕಿದಿರಿ' ಅಂತ ಕೇಳುವುದೇ ಇಲ್ಲ. 'ಟಿಕೆಟ್ ಯಾರಿಗೆ ಅಂತ ಗೊತ್ತಾದ ದಿನ ಇಲ್ಲಿ ಏನು ಮಾತಾಡಿಕೊಂಡ್ರಿ' ಅಂತ ಕೇಳಿದರೆ ಜನ ಬಿಚ್ಚಿ ಮಾತಾಡುತ್ತಾರೆ. ಹಾಸನದ ಸಂತೆಯಲ್ಲಿ ಆಲೂಗಡ್ಡೆ ಚೀಲ ಹೊಲಿಯುತ್ತಾ ಕೂತಿದ್ದ ಹಿರಿಯರೊಬ್ಬರು ತಲೆ ಎತ್ತದೇ ಹೇಳಿದ್ದು: "ನಾವು ಹಾಕ್ತಿದ್ದಿದ್ದು ದೊಡ್ಡಗೌಡ್ರಿಗೆ ಕಣಪ್ಪ, ಹುಡುಗನ್ನ ನೋಡ್ಕಂಡಲ್ಲ. ಆ ವಯಸ್ಸಲ್ಲಿ ಅವರು ಬಂದು ಕೈ ಮುಗುದ್ರೆ ಇಲ್ಲ ಅನ್ನಕ್ಕಾಯ್ತದಾ?" ಪಕ್ಕದಲ್ಲಿ ತೂಕ ಮಾಡುತ್ತಿದ್ದ ಅವರ ಸೊಸೆ ಕೂಡಲೇ ಅಂದರು: "ಮಾವ, ನೀವು ಅನ್ನಕ್ಕಾಗಲ್ಲ. ನಾವು ಅಂದ್ವಿ."

ಈ ಎರಡು ಮಾತಿನ ಮಧ್ಯೆ ಇಡೀ ಕ್ಷೇತ್ರ ಇದೆ ಅನ್ನಿಸಿತು ನನಗೆ. ಆಗ ದೇವೇಗೌಡರಿಗೆ ತೊಂಬತ್ತು ತುಂಬಿತ್ತು. ಪ್ರಚಾರಕ್ಕೆ ಅವರೇ ಬಂದರು. ಆರು ಲಕ್ಷದ ಮೂವತ್ತು ಸಾವಿರದಲ್ಲಿ ಅವರ ಮುಖ ನೋಡಿ ಹಾಕಿದ್ದು ಬಹಳ ಇರಬೇಕು. ಅದನ್ನು ಮೊಮ್ಮಗನಿಗೆ ಕೊಟ್ಟ ಸರ್ಟಿಫಿಕೇಟ್ ಅಂತ ಓದಬಾರದು. ಇನ್ನು ಬೇಡ ಅಂದವರ ಮಾತಿನಲ್ಲಿ ಮತ್ತೆ ಮತ್ತೆ ಬಂದದ್ದು ಒಂದೇ ದೂರು: ಗೆದ್ದ ಮೇಲೆ ಕೈಗೆ ಸಿಗಲಿಲ್ಲ. ಅರಸೀಕೆರೆ ಕಡೆ ಕೊಬ್ಬರಿ ಬೆಲೆ, ಸಕಲೇಶಪುರ, ಆಲೂರು ಕಡೆ ಆನೆ ಕಾಟ. ಇವನ್ನು ಹೇಳಿಕೊಳ್ಳಲು ಸಂಸದ ಬೇಕಿತ್ತು. ಪಕ್ಷದ ಕಾರ್ಯಕರ್ತರೇ ಈ ಮಾತನ್ನು ಟಿಕೆಟ್ ಕೊಡುವ ಮುಂಚೆ ಹೇಳಿದ್ದರು ಅಂತ ಕೇಳಿದೆ. ಮನೆಯೊಳಗೆ ತೀರ್ಮಾನ ಆಗಿಹೋಗಿತ್ತು.

ಒಂದು ನಿಯಮವನ್ನು ಮೊದಲ ದಿನದಿಂದ ಪಾಲಿಸುತ್ತಿದ್ದೇನೆ. ಆ ವಿಡಿಯೋಗಳ ಬಗ್ಗೆ ಯಾರನ್ನೂ ಕೇಳುವುದಿಲ್ಲ. ಯಾರಾದರೂ ಮಾತು ಆ ಕಡೆ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಹೆಣ್ಣುಮಕ್ಕಳ ಮುಖವನ್ನೂ ಮರೆಮಾಡದೆ ಊರೂರಿಗೆ ಹಂಚಿದರಲ್ಲ, ಅದು ಓಟಿಗಾಗಿ ಮಾಡಿದ ಇನ್ನೊಂದು ಕ್ರೌರ್ಯ. ಹಂಚಿದವರು ಯಾವ ಪಕ್ಷದವರಾದರೂ ಸರಿ, ಆ ಹೆಂಗಸರು ಅದೇ ಊರುಗಳಲ್ಲಿ ಬದುಕಬೇಕು ಅನ್ನುವುದು ಅವರ ಲೆಕ್ಕದಲ್ಲಿ ಇರಲಿಲ್ಲ. 2024ರ ಮೇ 30ರಂದು ರಾಜ್ಯದ ಬೇರೆ ಬೇರೆ ಕಡೆಯಿಂದ ಜನ ಬಂದು ಹಾಸನದಲ್ಲಿ ಸಂತ್ರಸ್ತೆಯರ ಪರ ದೊಡ್ಡ ಮೆರವಣಿಗೆ ಮಾಡಿದರು. ಮರುದಿನವೇ ಪ್ರಜ್ವಲ್ ಜರ್ಮನಿಯಿಂದ ವಾಪಸ್ ಬಂದು ಬಂಧನಕ್ಕೊಳಗಾದರು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಅತ್ಯಾಚಾರದ ಅಪರಾಧಿ ಎಂದು ಜೀವಾವಧಿ ಶಿಕ್ಷೆ ಕೊಟ್ಟಿತು. ದೂರು ಕೊಟ್ಟದ್ದು ಮನೆಗೆಲಸ ಮಾಡುತ್ತಿದ್ದ ಹೆಣ್ಣುಮಗಳು. ಆ ಧೈರ್ಯವನ್ನು ಓಟಿನ ಲೆಕ್ಕದಲ್ಲಿ ಬೆರೆಸಲು ನನಗೆ ಮನಸ್ಸಿಲ್ಲ.

ಜಾತಿ ಕಾಲಂ ಸೇರಿಸು ಅಂತ ಇಬ್ಬರು ಗೆಳೆಯರು ಹೇಳಿದರು. ಸೇರಿಸುವುದಿಲ್ಲ. ಫಾರಂ 20ರಲ್ಲಿ ಜಾತಿ ಇಲ್ಲ. ಊರಿನ ಹೆಸರು ನೋಡಿ ಊಹೆ ಮಾಡಿ ತುಂಬಿದರೆ ಅದು ಊಹೆಯ ನಕ್ಷೆ ಆಗುತ್ತದೆ.

ಊರಿನ ಹೆಸರು ಹಾಕಿ ನಕ್ಷೆ ಹೊರಗೆ ಬಿಡುವುದೂ ಇಲ್ಲ. ಹಾಳೆ ಎಲ್ಲರಿಗೂ ಸಿಗುತ್ತದೆ, ನಿಜ. ಆದರೆ 'ಯಾವ ಊರು ಕೈ ಕೊಟ್ಟಿತು' ಅಂತ ಬಣ್ಣ ಬಳಿದು ಕೊಟ್ಟರೆ ಆ ಊರಿನ ರಸ್ತೆಗೆ, ಕೆರೆಗೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಇದೇ ಭಯಕ್ಕೆ ಚುನಾವಣಾ ಆಯೋಗ 2008ರಲ್ಲೇ ಟೋಟಲೈಸರ್ ಯಂತ್ರದ ಪ್ರಸ್ತಾಪ ಇಟ್ಟಿತ್ತು. ಹಲವು ಬೂತ್‌ಗಳ ಮತ ಬೆರೆಸಿ ಒಟ್ಟಿಗೆ ಎಣಿಸುವ ವ್ಯವಸ್ಥೆ ಅದು. ಅದು ಬಂದರೆ ನನ್ನಂಥವರ ಹವ್ಯಾಸಕ್ಕೆ ಕಲ್ಲು ಬೀಳುತ್ತದೆ. ಆದರೂ ಬರಲಿ ಅನ್ನುವವನು ನಾನು. ಅಲ್ಲಿವರೆಗೆ ನಾನೇ ಹತ್ತಿರದ ಊರುಗಳನ್ನು ಗುಂಪು ಮಾಡಿ, ಹೋಬಳಿ ಮಟ್ಟದಲ್ಲಿ ಮಾತ್ರ ತೋರಿಸುತ್ತೇನೆ.

ಮುಂದಿನ ಕಂತಿಗೆ ಸಕಲೇಶಪುರ ಮುಗಿಸಿ ಬೇಲೂರು ಹಿಡಿಯಬೇಕು. ಎರಡರಲ್ಲೂ ಬಿಜೆಪಿ ಶಾಸಕರು. ಕಮಲ ಇಲ್ಲದ ಯಂತ್ರದ ಮುಂದೆ ಬಿಜೆಪಿ ಮತ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಅಲ್ಲೇ ಸುಳಿವು ಸಿಗಬೇಕು. ಕಡೂರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. 2019ರ ಬೂತ್ ಪಟ್ಟಿ, ಮತಗಟ್ಟೆಯ ಶಾಲೆ ಹೆಸರಿನ ಸಮೇತ, ಕಡೂರು ಕಡೆಯವರ ಹತ್ತಿರ ಇದ್ದರೆ ದಯವಿಟ್ಟು ಕಳಿಸಿ. ನನ್ನ ಹತ್ತಿರ ಇರುವ ಪ್ರತಿಯಲ್ಲಿ ಬೀರೂರು ಭಾಗದ ಪುಟಗಳು ಓದಲು ಬರುತ್ತಿಲ್ಲ.