ಕಿವುಡರ ಸಂಘಕ್ಕೆ ವೆಬ್‌ಸೈಟ್: ಮೊದಲು ಕೈ, ಆಮೇಲೆ ಅಕ್ಷರ

ಊರಿನ ಕಿವುಡರ ಸಂಘಕ್ಕೊಂದು ವೆಬ್‌ಸೈಟ್ ಬೇಕು ಎಂದಾಗ ಹೆಚ್ಚಿನ ಡೆವಲಪರ್‌ಗಳು ಹಾಕುವ ಲೆಕ್ಕ ಒಂದೇ: ಇವರಿಗೆ ಕಿವಿ ಕೇಳಿಸದು, ಕಣ್ಣು ಚೆನ್ನಾಗಿದೆ, ಬರಹ ಇದ್ದರೆ ಓದಿಕೊಳ್ಳುತ್ತಾರೆ. ಕೆಲಸ ಹಳಿ ತಪ್ಪುವುದು ಇಲ್ಲೇ. ಹುಟ್ಟಿನಿಂದ ಕಿವಿ ಕೇಳಿಸದವರಲ್ಲಿ ಅನೇಕರಿಗೆ ಕನ್ನಡ ಎಂದರೆ ಶಾಲೆಯಲ್ಲಿ, ಅದೂ ತಡವಾಗಿ, ಅಕ್ಷರದ ಮೂಲಕ ಕಲಿತ ಎರಡನೇ ಭಾಷೆ. ಹರಟೆ, ಜಗಳ, ಚರ್ಚೆ ಎಲ್ಲ ನಡೆಯುವುದು ಭಾರತೀಯ ಸನ್ನೆ ಭಾಷೆಯಲ್ಲಿ, ಅಂದರೆ ಐಎಸ್‌ಎಲ್‌ನಲ್ಲಿ. ಅದು ಕನ್ನಡವನ್ನೇ ಕೈಯಲ್ಲಿ ಹೇಳುವ ವಿಧಾನವಲ್ಲ. ಪ್ರಶ್ನೆಯ ಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ಇಂದ’, ‘ಗೆ’ ಎಂಬ ಪ್ರತ್ಯಯಗಳ ಕೆಲಸವನ್ನು ಕೈ ಚಲಿಸುವ ದಿಕ್ಕು ಮಾಡುತ್ತದೆ. ಹುಬ್ಬು, ತುಟಿ, ತಲೆಯ ಅಲುಗಾಟವೂ ವ್ಯಾಕರಣವೇ. ಹಾಗಾಗಿ ಸಂಘದ ಸೈಟನ್ನು ಸನ್ನೆಯ ವಿಡಿಯೊದಿಂದ ಶುರುಮಾಡಿ ಯೋಜಿಸಬೇಕು. ಬರಹ ಅದರ ಜೊತೆಗೆ ಬರಬೇಕೇ ಹೊರತು, ಬರಹಕ್ಕೆ ಕೊನೆಯಲ್ಲಿ ವಿಡಿಯೊ ಅಂಟಿಸಬಾರದು.

ಮಾನದಂಡ ಪಾಲಿಸಿದರೆ ಮುಗಿಯಿತು ಎಂದುಕೊಳ್ಳುವ ಹಾಗಿಲ್ಲ. ವೆಬ್‌ಸೈಟು ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುವ ಅಂತರರಾಷ್ಟ್ರೀಯ ಮಾನದಂಡ ಡಬ್ಲ್ಯುಸಿಎಜಿ 2.2 (2023), ವಿಡಿಯೊದ ಮಾತನ್ನು ಬರಹದಲ್ಲಿ ತೋರಿಸುವ ಕ್ಯಾಪ್ಷನ್‌ಗಳನ್ನು ಅತಿ ಕೆಳಗಿನ ‘ಎ’ ಹಂತದಲ್ಲೇ ಕೇಳುತ್ತದೆ, ಸನ್ನೆ ಭಾಷೆಯನ್ನು ಮಾತ್ರ ಅತಿ ಮೇಲಿನ ‘ಎಎಎ’ ಹಂತಕ್ಕೆ ಇಟ್ಟಿದೆ. ಅದೂ ದನಿಯಿರುವ ವಿಡಿಯೊಗಳಿಗೆ. ಬರೆದ ಪುಟವನ್ನು ಸನ್ನೆಯಲ್ಲೂ ಕೊಡಿ ಎಂದು ಅದು ಕೇಳುವುದೇ ಇಲ್ಲ. ಸಾಮಾನ್ಯವಾಗಿ ಎಲ್ಲರೂ ಗುರಿ ಇಡುವುದು ‘ಎಎ’ಗೆ. ಅಂದರೆ ಒಂದೂ ಸನ್ನೆಯಿಲ್ಲದ ಸೈಟು ಪರೀಕ್ಷೆಯಲ್ಲಿ ಪಾಸಾಗಿ, ಸಂಘದ ಅರ್ಧ ಸದಸ್ಯರಿಗೆ ಅರ್ಥವಾಗದೆ ಉಳಿಯಬಹುದು.

ಸಂಘಕ್ಕೆ ಆರು ಪುಟ ಸಾಕು: ಮುಂದಿನ ಕಾರ್ಯಕ್ರಮ, ಸಂಘದ ಪರಿಚಯ, ಸದಸ್ಯತ್ವ, ಯುಡಿಐಡಿ ಕಾರ್ಡು (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಮತ್ತು ಸರ್ಕಾರಿ ಸೌಲಭ್ಯ, ತಂದೆತಾಯಿಯರಿಗೆ ಮಾಹಿತಿ, ಸಂಪರ್ಕ. ವಿನ್ಯಾಸಕ್ಕೆ ಕೈ ಹಚ್ಚುವ ಮೊದಲು ಪ್ರತಿ ವಿಷಯದ ಮುಂದೆ ‘ಇದು ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ?’ ಎಂದು ಬರೆದುಕೊಳ್ಳಿ. ಇಡೀ ಯೋಜನೆಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ. ಬರಹದಲ್ಲಿ ಶುಲ್ಕ ತಿದ್ದುವುದು ಎರಡು ನಿಮಿಷದ ಮಾತು. ಸನ್ನೆ ವಿಡಿಯೊದಲ್ಲಿ ತಿದ್ದಬೇಕೆಂದರೆ ಅದೇ ವ್ಯಕ್ತಿ, ಅದೇ ಬಟ್ಟೆ, ಅದೇ ಬೆಳಕು ಬೇಕು, ಇಲ್ಲದಿದ್ದರೆ ತೇಪೆ ಎದ್ದು ಕಾಣುತ್ತದೆ. ನಾಲ್ಕು ನಿಮಿಷದ ಸದಸ್ಯತ್ವ ವಿಡಿಯೊದ ನಡುವೆ ಶುಲ್ಕ ಹೇಳಿಬಿಟ್ಟರೆ, ಶುಲ್ಕ ಏರಿದ ದಿನ ನಾಲ್ಕೂ ನಿಮಿಷ ವ್ಯರ್ಥ. ಯಾರೂ ಮತ್ತೆ ಚಿತ್ರೀಕರಿಸುವುದಿಲ್ಲ, ತಪ್ಪು ಮಾಹಿತಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಆದ್ದರಿಂದ ಬದಲಾಗದ ಸಂಗತಿಗೆ ಒಂದೆರಡು ನಿಮಿಷದ ವಿಡಿಯೊ, ದಿನಾಂಕ, ಶುಲ್ಕ, ಜಾಗಕ್ಕೆ 15–20 ಸೆಕೆಂಡಿನ ಬೇರೆ ಕ್ಲಿಪ್. ಫೈಲಿನ ಹೆಸರಲ್ಲೇ ವಿಷಯ, ವರ್ಷ, ತಿಂಗಳು ಇರಲಿ.

ಸನ್ನೆ ಮಾಡುವವರು ಸಂಘದ ಕಿವುಡ ಸದಸ್ಯರೇ ಆಗಿರಬೇಕು. ಇಂಟರ್‌ಪ್ರಿಟರ್ (ಸನ್ನೆ ಮತ್ತು ಮಾತಿನ ನಡುವೆ ಅನುವಾದಿಸುವವರು) ಎಷ್ಟೇ ನುರಿತವರಾದರೂ ಅವರ ಜಾಗ ಕ್ಯಾಮೆರಾದ ಹಿಂದೆ. ಕನ್ನಡದ ಪಠ್ಯವನ್ನು ಕ್ಯಾಮೆರಾ ಪಕ್ಕದ ಪರದೆಯಲ್ಲಿ ಓಡಿಸಿ ಸನ್ನೆ ಮಾಡಿಸಬೇಡಿ. ಓದುತ್ತ ಮಾಡಿದರೆ ಕೈ ಕನ್ನಡದ ಪದಕ್ರಮವನ್ನೇ ಹಿಡಿಯುತ್ತದೆ, ನೋಡುವವರಿಗೆ ಅದು ಸೊಟ್ಟಗೆ ಕಾಣುತ್ತದೆ. ಸನ್ನೆ ಮಾಡುವವರೂ ಇಂಟರ್‌ಪ್ರಿಟರೂ ಕೂತು ಅರ್ಥ ಮಾತಾಡಿಕೊಂಡು, ನಾಲ್ಕೈದು ಮುಖ್ಯ ಪದ ಅಥವಾ ಚಿತ್ರಗಳನ್ನು ಮಾತ್ರ ಹಾಳೆಯಲ್ಲಿ ಇಟ್ಟುಕೊಂಡರೆ ಸಾಕು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2021ರಲ್ಲಿ 10,000 ಪದ ಮುಟ್ಟಿದೆ. ಕಚೇರಿ, ಕಾನೂನಿನ ಪದಗಳಿಗೆ ಅದನ್ನು ನೋಡಬಹುದು. ಆದರೆ ಐಎಸ್‌ಎಲ್‌ನಲ್ಲಿ ಪ್ರದೇಶಕ್ಕೊಂದು ಪದವ್ಯತ್ಯಾಸ ಇದೆ. ಊರಿನ ಹಿರಿಯ ಸದಸ್ಯರು ಬಳಸುವ ಸನ್ನೆ ಬೇರೆಯಿದ್ದರೆ ಅದನ್ನೇ ಇಡಿ. ಚಿತ್ರೀಕರಣ ಮುಗಿದ ಮೇಲೆ, ಪಠ್ಯ ನೋಡಿರದ ಇನ್ನೊಬ್ಬ ಸದಸ್ಯರಿಗೆ ವಿಡಿಯೊ ತೋರಿಸಿ, ತಿಳಿದದ್ದನ್ನು ಮತ್ತೆ ಹೇಳಿಸಬೇಕು. ದಿನಾಂಕ, ಮೊತ್ತ, ಷರತ್ತುಗಳಲ್ಲಿನ ತಪ್ಪು ಸಿಕ್ಕಿಬೀಳುವುದು ಆಗಲೇ.

ಚಿತ್ರೀಕರಣಕ್ಕೆ ದುಬಾರಿ ಕ್ಯಾಮೆರಾ ಬೇಡ, ಬೆಳಕು ಮತ್ತು ಅಳತೆ ಸರಿಯಿರಬೇಕು. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ ವೇಗವನ್ನು 1/50 ಸೆಕೆಂಡಿಗೆ ಇಟ್ಟರೆ ಈ ಮಿಣುಕಿನ ಗೆರೆ ವಿಡಿಯೊದಲ್ಲಿ ಬಾರದು, ಆದರೆ ಬೆರಳಕ್ಷರ (ಪದವನ್ನು ಬೆರಳಿನಿಂದ ಅಕ್ಷರ ಅಕ್ಷರವಾಗಿ ತೋರಿಸುವುದು) ಮಾಡುವಾಗ ಬೆರಳುಗಳು ಮಸುಕಾಗುತ್ತವೆ. 1/100 ಇಟ್ಟು ಸೆಕೆಂಡಿಗೆ 50 ಫ್ರೇಮ್ ತೆಗೆದರೆ ಎರಡೂ ತೊಂದರೆ ತಪ್ಪುತ್ತವೆ. ಫೋನಿನ ಪ್ರೊ ಮೋಡ್‌ನಲ್ಲಿ ಇದನ್ನು ಕೈಯಾರೆ ಇಡಬಹುದು. 50 ಫ್ರೇಮ್ ಇಲ್ಲದ ಫೋನಾದರೆ 25 ಸಾಕು. 20ಕ್ಕಿಂತ ಕೆಳಗೆ ಇಳಿದರೆ ಸನ್ನೆ ತುಂಡುತುಂಡಾಗುತ್ತದೆ. ವ್ಯಕ್ತಿ ಗೋಡೆಯಿಂದ ಒಂದೂವರೆ ಮೀಟರ್ ಮುಂದೆ ನಿಲ್ಲಲಿ, ಎರಡೂ ಬದಿಯಿಂದ ಬೆಳಕು ಬೀಳಲಿ. ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಮುಖ ಕಪ್ಪಾಗುತ್ತದೆ, ಅರ್ಧ ವ್ಯಾಕರಣ ಅಲ್ಲೇ ಹೋಯಿತು. ಮೈಬಣ್ಣದಿಂದ ಬೇರೆಯಾಗಿ ಕಾಣುವ ಒಂದೇ ಬಣ್ಣದ ಬಟ್ಟೆ ಇರಲಿ. ಚೆಕ್ಸ್, ಜರಿ ಬೇಡ. ಬಳೆ, ದೊಡ್ಡ ಉಂಗುರ ತೆಗೆದಿಡಬೇಕು.

ಅಳತೆಯ ವಿಷಯ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಸದಸ್ಯರು ಸೈಟು ನೋಡುವುದು ಫೋನನ್ನು ಉದ್ದಕ್ಕೆ ಹಿಡಿದು. 360 ಪಿಕ್ಸೆಲ್ ಅಗಲದ ಪರದೆಯಲ್ಲಿ 16:9ರ ವಿಡಿಯೊ ಬರೀ 202 ಪಿಕ್ಸೆಲ್ ಎತ್ತರಕ್ಕೆ ಕುಗ್ಗುತ್ತದೆ, ಬೆರಳುಗಳು ಕಾಣುವುದೇ ಇಲ್ಲ. ಹಾಗೆಂದು ಫೋನನ್ನು ಉದ್ದಕ್ಕೆ ಹಿಡಿದು ಹತ್ತಿರದಿಂದ ತೆಗೆದರೆ ಮೊಣಕೈಗಳು ಚೌಕಟ್ಟಿನಾಚೆ ಹೋಗುತ್ತವೆ. ಅಡ್ಡ ಹಿಡಿದು, ತಲೆಯ ಮೇಲೆ ಒಂದು ಗೇಣು ಜಾಗ ಬಿಟ್ಟು, ಸೊಂಟದವರೆಗೆ ಸೇರಿಸಿ ತೆಗೆದು, ಆಮೇಲೆ 4:5ಕ್ಕೆ ಕತ್ತರಿಸಿ. ಅದೇ ಪರದೆಯಲ್ಲಿ ಎತ್ತರ 450 ಪಿಕ್ಸೆಲ್ ಆಗುತ್ತದೆ. ಡೇಟಾದ ಲೆಕ್ಕವೂ ಇರಲಿ: 1.5 ಎಂಬಿಪಿಎಸ್‌ನಲ್ಲಿ ಒಂದು ನಿಮಿಷಕ್ಕೆ ಸುಮಾರು 11 ಎಂಬಿ. ಯಾವ ವಿಡಿಯೊವೂ ತಾನಾಗಿ ಓಡಬಾರದು. ಒಂದೇ ಪುಟದಲ್ಲಿ ಮೂರು ಜನ ಒಟ್ಟಿಗೆ ಕೈಯಾಡಿಸುತ್ತಿದ್ದರೆ ಕಣ್ಣಿಗೆ ಅದೊಂದು ಸಂತೆ.

ದನಿಯೇ ಇಲ್ಲದ ವಿಡಿಯೊಗೆ ಕ್ಯಾಪ್ಷನ್ ತಾನಾಗಿ ಹುಟ್ಟದು, ಕೈಯಾರೆ ಬರೆದು ವೆಬ್‌ವಿಟಿಟಿ (ಯಾವ ಸಾಲು ಯಾವ ಹೊತ್ತಿಗೆ ಕಾಣಬೇಕೆಂದು ಬರೆದಿಡುವ) ಫೈಲಾಗಿ ಕೊಡಬೇಕು. ಅದು ಕೈಗಳ ಮೇಲೆ ಬೀಳದಂತೆ ಪ್ಲೇಯರ್‌ನ ಕೆಳಗೆ ಬೇರೆ ಪಟ್ಟಿಯಲ್ಲಿ ತೋರಿಸುವುದು ಲೇಸು. ಸಂಘದವರು ಕೊಡುವ ಹಳೆಯ ಕರಪತ್ರಗಳು ಹೆಚ್ಚಾಗಿ ‘ನುಡಿ’, ‘ಬರಹ’ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟಿನಲ್ಲಿರುತ್ತವೆ. ನೇರವಾಗಿ ಅಂಟಿಸಿದರೆ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಪರಿವರ್ತಕದಲ್ಲಿ ಹಾಯಿಸಿ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಂದೊಂದಾಗಿ ನೋಡಬೇಕು. ಇಂಗ್ಲಿಷಿಗೆ ಒಗ್ಗುವ 1.2ರ ಸಾಲಿನ ಅಂತರದಲ್ಲಿ, ಬಟನ್ನಿನೊಳಗೆ ‘ರಾಷ್ಟ್ರೀಯ’ ಎಂದು ಬರೆದರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. 1.6 ಕೊಡಿ. ‘ಅರ್ಜಿಯನ್ನು ಸಲ್ಲಿಸತಕ್ಕದ್ದು’ ಎಂಬ ಕಚೇರಿ ಕನ್ನಡ ಬೇಡ, ‘ಅರ್ಜಿ ಕೊಡಿ’ ಸಾಕು. ವಿಡಿಯೊದ ಕೆಳಗೆ ಪೂರ್ತಿ ಪಠ್ಯವೂ ಇರಲೇಬೇಕು. ಕಣ್ಣೂ ಕಾಣದ, ಕಿವಿಯೂ ಕೇಳದ ಸದಸ್ಯರು ಬ್ರೈಲ್ ಸಾಧನದಲ್ಲಿ ಓದುವುದು ಅದನ್ನೇ.

ಸಂಪರ್ಕ ಪುಟದಲ್ಲಿ ಬರೀ ಫೋನ್ ನಂಬರ್ ಹಾಕುವುದು ಬಾಗಿಲು ಹಾಕಿದಂತೆ. ವಾಟ್ಸ್‌ಆ್ಯಪ್ ನಂಬರ್, ವಿಡಿಯೊ ಕಾಲ್‌ಗೆ ಸಿಗುವ ಹೊತ್ತು, ಎಸ್‌ಎಂಎಸ್, ಇಮೇಲ್ ಬೇಕು. ಕರೆ ಮಾಡಿ ಒಟಿಪಿ ಹೇಳುವ ಫಾರಂ ಬೇಡವೇ ಬೇಡ.

ಸನ್ನೆ ಮಾಡುವವರ ಮುಖ ಮುಚ್ಚಿ ಗುರುತು ಮರೆಮಾಡಲಾಗದು, ಮುಖವಿಲ್ಲದೆ ಭಾಷೆಯೇ ಇಲ್ಲ. ಒಪ್ಪಿಗೆ ಪತ್ರವನ್ನು ಸನ್ನೆಯಲ್ಲಿ ವಿವರಿಸಿ, ಒಪ್ಪಿಗೆಯನ್ನೂ ವಿಡಿಯೊದಲ್ಲೇ ಪಡೆಯಿರಿ. ಅವರು ಹೇಳಿದ ದಿನ ವಿಡಿಯೊ ಇಳಿಸುವ ವ್ಯವಸ್ಥೆ ಇರಬೇಕು.

ಬಳಕೆಯ ಪರೀಕ್ಷೆಗೆ ಬೇರೆ ಬೇರೆ ವಯಸ್ಸಿನ ಐದಾರು ಸದಸ್ಯರು, ಅವರವರದೇ ಫೋನು. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಅದರ ಬದಲು ‘ಮುಂದಿನ ಸಭೆ ಎಲ್ಲಿ? ಹುಡುಕಿ’ ಎಂದು ಕೆಲಸ ಕೊಡಿ. ಮಾಡುತ್ತಲೇ ಮನಸ್ಸಿನ ಮಾತು ಹೇಳಿ ಎನ್ನುವ ರೂಢಿಯ ವಿಧಾನ ಇಲ್ಲಿ ನಡೆಯದು: ಕೈ ಫೋನಿನಲ್ಲಿದೆ, ಕಣ್ಣು ಪರದೆಯಲ್ಲಿದೆ. ನಡುವೆ ಇಂಟರ್‌ಪ್ರಿಟರ್ ಕೈಬೀಸಿದರೆ ಗಮನವೂ ಕೆಟ್ಟು, ಫಲಿತಾಂಶವೂ ಕೆಡುತ್ತದೆ. ಪರದೆಯನ್ನು ರೆಕಾರ್ಡ್ ಮಾಡಿಕೊಂಡು, ಕೆಲಸ ಮುಗಿದ ಮೇಲೆ ಅದನ್ನೇ ಮತ್ತೆ ಹಾಕಿ, ತಡವರಿಸಿದ ಜಾಗದಲ್ಲಿ ನಿಲ್ಲಿಸಿ ಕೇಳಬೇಕು. ಒಬ್ಬರಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ದಿನವಿಡೀ ನಡೆಯುವುದಾದರೆ ಇಬ್ಬರು ಇಂಟರ್‌ಪ್ರಿಟರ್‌ಗಳು ಬೇಕು, ಒಬ್ಬರೇ ಆದರೆ ಮಧ್ಯಾಹ್ನದ ಹೊತ್ತಿಗೆ ಕೈಯೂ ತಲೆಯೂ ದಣಿದು ಅನುವಾದ ಜಾರತೊಡಗುತ್ತದೆ.

ಸೈಟನ್ನು ಸಂಘಕ್ಕೆ ಒಪ್ಪಿಸುವಾಗ ಪಾಸ್‌ವರ್ಡ್ ಜೊತೆಗೆ ಶಟರ್, ಫ್ರೇಮ್, ಟ್ರೈಪಾಡ್ ಎತ್ತರ ಬರೆದ ಹಾಳೆಯನ್ನು ಗೋಡೆಗೆ ಅಂಟಿಸಿ, ನಿಲ್ಲುವ ಜಾಗಕ್ಕೂ ಟ್ರೈಪಾಡ್ ಜಾಗಕ್ಕೂ ನೆಲದ ಮೇಲೆ ಟೇಪಿನ ಗುರುತು ಹಾಕಬೇಕು. ಸದಸ್ಯರೇ ಎರಡು ಕಾರ್ಯಕ್ರಮದ ಕ್ಲಿಪ್ ಚಿತ್ರೀಕರಿಸಿ, ಕ್ಯಾಪ್ಷನ್ ಬರೆದು, ಅಪ್‌ಲೋಡ್ ಮಾಡಿದ ಮೇಲೆಯೇ ಕೊನೆಯ ಕಂತಿನ ಬಿಲ್ಲು ಕೊಡುವುದು ಸರಿ.