ತೊಟ್ಟಿಮನೆಯಿಂದ ಏನು ತರಬೇಕು, ಏನು ಬಿಡಬೇಕು

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ತೀರ್ಥಹಳ್ಳಿ, ಸಾಗರದ ಕಡೆ ಮನೆಯಂಥ ಪುನರ್ವಸತಿ ಕೇಂದ್ರ ಕಟ್ಟಬೇಕು ಅಂದಕೂಡಲೇ ಹೆಚ್ಚಿನವರು ಹೆಂಚು, ಕೆತ್ತನೆಯ ಕಂಬದ ಮಾತು ತೆಗೆಯುತ್ತಾರೆ. ಗೋಡೆಗೆ ಹಸೆ ಚಿತ್ತಾರ ಬರೆಸಿದರೆ ಚೆಂದವೇ. ಆದರೆ ಹಳೆಯ ಮನೆಯಿಂದ ನಿಜಕ್ಕೂ ತರಬೇಕಾದ್ದು ಅದರ ನಕ್ಷೆ: ನಡುವೆ ಮೇಲೆ ತೆರೆದಿರುವ ಅಂಗಳ, ಅಂದರೆ ತೊಟ್ಟಿ, ಸುತ್ತ ಜಗುಲಿ, ಜಗುಲಿಗೆ ತೆರೆದುಕೊಳ್ಳುವ ಕೋಣೆಗಳು.

ಅಡುಗೆಮನೆ ಬಾಗಿಲಲ್ಲಿ ಕಾಯಿ ತುರಿಯುತ್ತ ಕೂತವರಿಗೆ ಯಾರು ಎದ್ದರು, ಯಾರು ಬೆಳಿಗ್ಗೆಯಿಂದ ಹೊರಗೇ ಬಂದಿಲ್ಲ ಅನ್ನೋದು ತಾನಾಗಿ ಗೊತ್ತಾಗುತ್ತದೆ. ನಾಲ್ಕು ಜನರ ನಡುವೆ ಕೂರಲಾಗದವರು ಕಂಬದ ಮರೆಯಲ್ಲಿದ್ದೇ ಮಾತು ಕೇಳಿಸಿಕೊಳ್ಳಬಹುದು. ಉದ್ದ ಕಾರಿಡಾರಿನ ಕಟ್ಟಡದಲ್ಲಿ ಇದೇ ಕೆಲಸಕ್ಕೆ ಕ್ಯಾಮೆರಾ ಹಾಕುತ್ತಾರೆ. ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಸಂಶಯದಲ್ಲೇ ನರಳುವವರಿಗೆ ಅದು ಉರಿಯುವ ಬೆಂಕಿಗೆ ತುಪ್ಪ.

ಹನ್ನೆರಡರಿಂದ ಹದಿನೈದು ಜನ, ಕೋಣೆಗೆ ಇಬ್ಬರು. ಅದಕ್ಕಿಂತ ಹೆಚ್ಚಾದರೆ ಮನೆ ಹೋಗಿ ಹಾಸ್ಟೆಲ್ ಆಗುತ್ತದೆ. ಜಗುಲಿ 6 ಅಡಿ ಅಗಲವಿರಲಿ, ಇಲ್ಲವಾದರೆ ಎರಚಲು ಒಳಗೇ ಬಡಿಯುತ್ತದೆ. ತೊಟ್ಟಿಯ ಮೇಲೆ ಪಾರದರ್ಶಕ ಶೀಟು ಹಾಕುವುದಾದರೆ ಗಾಳಿಗೆ ಸುತ್ತಲೂ ಒಂದಡಿ ಸಂದು ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸಲು ಬಚ್ಚಲ ಒಲೆಯ ಪಕ್ಕ ಒಂದು ಕೋಣೆ ಬೇಕೇ ಬೇಕು. ಒದ್ದೆ ಬಟ್ಟೆಯ ಮುಗ್ಗು ವಾಸನೆಗೆ ಸ್ನಾನವನ್ನೇ ಬಿಡುವವರಿದ್ದಾರೆ.

ಇನ್ನು ಬಿಡಬೇಕಾದ್ದು, ಮುಖ್ಯವಾಗಿ ಯಾರೂ ತಮಗೇ ಅಪಾಯ ಮಾಡಿಕೊಳ್ಳದಂತೆ, ಜಾರಿ ಬೀಳದಂತೆ. ಮಲಗುವ ಕೋಣೆ, ಬಚ್ಚಲಲ್ಲಿ ಕೈಗೆಟುಕುವ ಅಡ್ಡತೊಲೆ ಬೇಡ, ಹೆಂಚಿನ ಕೆಳಗೆ ಸಪಾಟು ಸೀಲಿಂಗ್ ಕೊಡಿ. ಬಾವಿಗೆ ಬೀಗ ಹಾಕುವ ಕಬ್ಬಿಣದ ಜಾಲರಿ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕವನ್ನು ಹೊರಗಿನಿಂದಲೂ ತೆಗೆಯುವಂತಿರಬೇಕು. ನುಣುಪಾದ ಕೆಂಪು ಗಾರೆ ನೆಲ ನೋಡಲು ಸೊಗಸು, ಮಳೆಗಾಲದಲ್ಲಿ ಜಾರುಬಂಡೆ. ಕೆಲವು ಮಾತ್ರೆಗಳಿಂದ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ; ಬೀಳುವುದು ಹೆಚ್ಚಾಗಿ ಅಲ್ಲೇ. ತೋಟವಿದ್ದರೆ ಕಳೆನಾಶಕವಾಗಲಿ, ಅಡಿಕೆಯ ಕೊಳೆರೋಗದ ಔಷಧಿಗೆಂದು ತಂದ ಮೈಲುತುತ್ತವಾಗಲಿ ಆವರಣದಲ್ಲಿ ಒಂದು ರಾತ್ರಿಯೂ ಇರಕೂಡದು.

ಅಡಿಕೆ ಕೊಯ್ಲಿನ ಕಾಲದಲ್ಲಿ ಕೆಲಸಕ್ಕೆ ಬರವಿಲ್ಲ. ಆದರೆ ಮದ್ದಿನಿಂದ ಕೈ ನಡುಗುವವರನ್ನು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರಿಸಬೇಡಿ. ಒಣಗಿದ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸಲು ಕಣ್ಣು ಸಾಕು. ಸುಲಿತ ನಡುರಾತ್ರಿವರೆಗೆ ಸಾಗುವುದು ನಮ್ಮ ಕಡೆ ವಾಡಿಕೆ. ಇಲ್ಲಿ ಎಂಟೂವರೆಗೆ ನಿಲ್ಲಿಸಿ. ಬೈಪೋಲಾರ್, ಅಂದರೆ ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ ಇರುವವರಿಗೆ ನಿದ್ದೆಗೆಟ್ಟರೆ ಉನ್ಮಾದ ಮರುಕಳಿಸಬಹುದು. ‘ಥೆರಪಿ’ ಎಂದು ಹೇಳಿ ಬಿಟ್ಟಿ ದುಡಿಸುವುದಂತೂ ಸಲ್ಲದು. ಕೆಲಸಕ್ಕೆ ಒತ್ತಾಯ ಮಾಡಬಾರದು, ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸ್ವಂತ ಬಟ್ಟೆ ತೊಡಲು ಅಡ್ಡಿಪಡಿಸುವಂತಿಲ್ಲ, ಸರಪಳಿ ಹಾಕುವಂತಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಅಕ್ಕಿರೊಟ್ಟಿ, ತಂಬುಳಿ, ಸೊಪ್ಪಿನ ಪಲ್ಯ. ಚಿತ್ತವಿಕಲತೆಗೆ (ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ) ಕೊಡುವ ಓಲಾಂಜಪಿನ್ ಮದ್ದು ತೂಕ ಏರಿಸಬಹುದು, ಅದನ್ನು ತೆಗೆದುಕೊಳ್ಳುವವರ ತೂಕವನ್ನು ತಿಂಗಳಿಗೊಮ್ಮೆ ಬರೆದಿಡಿ. ಏಕಾದಶಿಯಾಗಲಿ ರಂಜಾನ್ ಆಗಲಿ, ಬೈಪೋಲಾರ್‌ಗೆ ಕೊಡುವ ಲಿಥಿಯಂ ಮದ್ದು ತೆಗೆದುಕೊಳ್ಳುವವರು ನೀರೂ ಬಿಟ್ಟು ಉಪವಾಸವಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು. ವೈದ್ಯರನ್ನು ಮೊದಲೇ ಕೇಳಿ.

ಎಲೆಅಡಿಕೆ ತಟ್ಟೆ ನಮ್ಮಲ್ಲಿ ಮರ್ಯಾದೆಯ ಮಾತು, ನಿಜ. ಆದರೂ ಜಗುಲಿಯ ಮೇಲೆ ಅದು ಬೇಡ. ಅಡಿಕೆಯೇ ಕ್ಯಾನ್ಸರ್‌ಕಾರಕ. ಸಾಲದ್ದಕ್ಕೆ, ಅತಿಯಾಗಿ ಮೆಲ್ಲುತ್ತಿದ್ದ ಕೆಲವರಲ್ಲಿ ಚಿತ್ತವಿಕಲತೆಯ ಮದ್ದಿನ ಅಡ್ಡಪರಿಣಾಮವಾದ ಮೈ ಸೆಡೆತ, ನಡುಕ ಉಲ್ಬಣಿಸಿದ ವೈದ್ಯಕೀಯ ವರದಿಗಳಿವೆ. ಬೀಡಿಯ ಲೆಕ್ಕ ಬೇರೆ. ಬೀಡಿ ಹೊಗೆ ಚಿತ್ತವಿಕಲತೆಗೇ ಕೊಡುವ ಕ್ಲೋಜಪಿನ್ ಮದ್ದನ್ನು ದೇಹದಲ್ಲಿ ಬೇಗ ಕರಗಿಸುತ್ತದೆ. ಸೇರಿದ ದಿನವೇ ಬೀಡಿ ಕಿತ್ತುಕೊಂಡರೆ ಅದೇ ಡೋಸು ಕೆಲವೇ ದಿನಗಳಲ್ಲಿ ಅತಿಯಾಗಿ, ಮಂಪರು, ಜೊಲ್ಲು, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಹಾಗಾಗಿ ದಿನಕ್ಕೆ ಎಷ್ಟು ಬೀಡಿ ಎಂದು ಸೇರಿಸಿಕೊಳ್ಳುವಾಗಲೇ ಕೇಳಿ ಬರೆದುಕೊಳ್ಳಿ. ಬಿಡಿಸುವ ಮೊದಲು ಡೋಸು ತಗ್ಗಿಸಬೇಕೇ ಎಂದು ವೈದ್ಯರಿಂದ ತಿಳಿದುಕೊಳ್ಳಿ.