ಈರುಳ್ಳಿಯ ದಿನ, ಬೆಳ್ಳುಳ್ಳಿಯ ದಿನ: ಬೊಲೊನ್ಯದಿಂದ ನೇಪಲ್ಸ್‌ವರೆಗೆ

ಇಟಲಿಯ ಮನೆಯಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎರಡೂ ಒಂದೇ ಬಾಣಲೆಗೆ ಬೀಳುವುದು ಕಡಿಮೆ. ಬೊಲೊನ್ಯದಲ್ಲಿ ರೈಲು ಹತ್ತಿ ರೋಮ್ ದಾಟಿ ನೇಪಲ್ಸ್ ಮುಟ್ಟುವವರೆಗೂ ಮತ್ತೆ ಮತ್ತೆ ಕಂಡ ಸಂಗತಿ ಇದು. ನಮ್ಮೂರುಗಳ ಪಾಸ್ತಾ ಅಂಗಡಿಗಳಲ್ಲಿ ಬೆಳ್ಳುಳ್ಳಿಯ ಘಾಟೇ ಇಟಲಿಯ ಗುರುತು. ಅಲ್ಲಿನ ಮನೆಗಳಲ್ಲಿ ನಾಲ್ಕು ಜನರ ಅಡುಗೆಗೆ ಒಂದೋ ಎರಡೋ ಎಸಳು, ಅದೂ ಬಡಿಸುವ ಮೊದಲು ಹೊರಕ್ಕೆ.

ಬೊಲೊನ್ಯದಲ್ಲಿ ಈ ವಿಷಯ ಕಾಗದದ ಮೇಲೇ ಇದೆ. ಅಲ್ಲಿನ ಮಾಂಸದ ಸಾಸ್ ‘ರಗು’ವಿನ ಪಾಕವಿಧಾನವನ್ನು ಇಟಲಿಯ ಪಾಕಶಾಸ್ತ್ರ ಅಕಾಡೆಮಿ 1982ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿತು, 2023ರಲ್ಲಿ ಪರಿಷ್ಕರಿಸಿತು. ಈರುಳ್ಳಿ, ಕ್ಯಾರೆಟ್, ಸೆಲೆರಿ ಸಮಸಮ. ಸಲ್ಲದ ಪದಾರ್ಥಗಳ ಪಟ್ಟಿಯಲ್ಲಿ ಬೆಳ್ಳುಳ್ಳಿ ಇದೆ. ಈ ಮೂರನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲೋ ಬೆಣ್ಣೆಯಲ್ಲೋ ಬಾಡಿಸುವುದಕ್ಕೆ ‘ಸೊಫ್ರಿತ್ತೊ’ ಎನ್ನುತ್ತಾರೆ. ಇದನ್ನು ಇಟಲಿಯ ಒಗ್ಗರಣೆ ಎಂದುಕೊಂಡು ಹೊರಟರೆ ಅಡುಗೆ ಕೆಡುತ್ತದೆ. ಒಗ್ಗರಣೆ ಕಾದ ಎಣ್ಣೆಯಲ್ಲಿ ಅರೆನಿಮಿಷದ ಕೆಲಸ. ಇದು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಚಟಪಟ ಸದ್ದೇ ಇಲ್ಲದೆ ಸಾಗಬೇಕು. ಈರುಳ್ಳಿ ಪಾರದರ್ಶಕವಾಗಬೇಕು, ಅಂಚು ಕೆಂಪಾಗಬಾರದು. ತಳ ಹಿಡಿಯುವಂತಿದ್ದರೆ ಒಂದು ಚಮಚ ನೀರು ಹಾಕುತ್ತಾರೆ, ಇನ್ನಷ್ಟು ಎಣ್ಣೆ ಹಾಕುವುದಿಲ್ಲ.

ರೋಮಿನ ನೋಡತಕ್ಕ ಜಾಗಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಇಲ್ಲಿಗೆ ಬೇಕಾದ ಮಾತು ಒಂದೇ: ಅಮಾತ್ರೀಚೆ ಎಂಬ ಗುಡ್ಡದೂರಿನ ಹೆಸರಿನ ಅಮಾತ್ರಿಚಾನಾ ಸಾಸ್‌ನ ಊರಿನ ಪಾಕದಲ್ಲಿ ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಹಂದಿಯ ಕೆನ್ನೆಮಾಂಸ, ಟೊಮೇಟೊ, ಪೆಕೊರಿನೊ ಚೀಸ್, ಮುಖ್ಯವಾಗಿ ಇವುಗಳದೇ ರುಚಿ. 2015ರಲ್ಲಿ ಹೆಸರಾಂತ ಬಾಣಸಿಗರೊಬ್ಬರು ಟಿವಿಯಲ್ಲಿ ‘ನಾನು ಬೆಳ್ಳುಳ್ಳಿ ಹಾಕುತ್ತೇನೆ’ ಎಂದಾಗ ಆ ಊರಿನ ಪುರಸಭೆಯೇ ಆಕ್ಷೇಪ ಎತ್ತಿತ್ತು. ಅಷ್ಟು ನಿಷ್ಠುರ ಇರಬೇಕು ಎಂದೇ ನನಗನಿಸುತ್ತದೆ. ಎಲ್ಲ ಸಾಸ್‌ಗೂ ಒಂದೇ ಘಾಟು ಬಂದಮೇಲೆ ಊರೂರಿಗೆ ಬೇರೆ ಹೆಸರು ಯಾತಕ್ಕೆ?

ನೇಪಲ್ಸ್‌ನಲ್ಲಿ ನಿಂತೇ ಹೋದೆವು. ಪಿನ್ಯಸೆಕ್ಕ ಮಾರುಕಟ್ಟೆಯಲ್ಲಿ ತಾಮ್ರದ ಬಣ್ಣದ ಸಿಪ್ಪೆಯ ಈರುಳ್ಳಿ ರಾಶಿ ಬಿದ್ದಿತ್ತು. ಅವೆಲ್ಲಿನೊ ಸೀಮೆಯ ಮೊಂತೋರೊ ಎಂಬಲ್ಲಿ ಬೆಳೆಯುವ ಇದನ್ನು ‘ರಮಾತಾ’ ಎನ್ನುತ್ತಾರೆ. ಬಾಡಿಗೆ ಕೋಣೆಯ ಮಾಲಕಿ, ಎಪ್ಪತ್ತು ದಾಟಿದಾಕೆ, ಎರಡು ಕಿಲೋ ಕೊಂಡರು. ಒಂದು ಕಿಲೋ ದನದ ಮಾಂಸಕ್ಕೆ ಎರಡು ಕಿಲೋ ಈರುಳ್ಳಿ. ಭಾನುವಾರದ ಪಾಸ್ತಾ ಸಾಸ್ ‘ಜೆನೊವೆಸೆ’. ಹೆಸರು ಜಿನೋವಾದ್ದಾದರೂ ಅಡುಗೆ ನೇಪಲ್ಸ್‌ನದೇ.

ಆಕೆ ಈರುಳ್ಳಿಯನ್ನು ಅಡ್ಡಡ್ಡ, ಕಾಗದದಷ್ಟು ತೆಳ್ಳಗೆ ಹೆಚ್ಚಿದರು. ಉದ್ದುದ್ದ ಹೆಚ್ಚಿದರೆ ನಾರು ಹಾಗೇ ಉಳಿದು ಪಾಸ್ತಾಕ್ಕೆ ದಾರದಂತೆ ಸುತ್ತಿಕೊಳ್ಳುತ್ತದೆ. ದಪ್ಪ ತಳದ ಪಾತ್ರೆಗೆ ಅರ್ಧ ಲೋಟ ಆಲಿವ್ ಎಣ್ಣೆ, ಒಂದು ಕ್ಯಾರೆಟ್, ಒಂದು ದಂಟು ಸೆಲೆರಿ. ಮಾಂಸದ ತುಂಡುಗಳನ್ನು ಎಲ್ಲ ಕಡೆ ಬಾಡಿಸಿದ ಮೇಲೆ ಈರುಳ್ಳಿಯ ಗುಡ್ಡ, ಉಪ್ಪು, ಮುಚ್ಚಳ. ನೀರು ತೊಟ್ಟೂ ಇಲ್ಲ.

‘ಸೀದುಹೋಗುವುದಿಲ್ಲವೇ?’

‘ಈರುಳ್ಳಿಯಲ್ಲಿ ನೀರಿಲ್ಲದೆ ಇನ್ನೇನಿದೆ, ಸಿನ್ಯೋರಾ? ಉಪ್ಪು ಅದನ್ನು ಎಳೆದು ತರುತ್ತದೆ. ಅರ್ಧ ಗಂಟೆ ಮುಚ್ಚಳ ಮುಟ್ಟಬೇಡಿ.’

ತೆಗೆದಾಗ ಗುಡ್ಡ ಇಳಿದು, ಮಾಂಸ ಈರುಳ್ಳಿಯ ನೀರಿನಲ್ಲೇ ಬೇಯುತ್ತಿತ್ತು. ಈರುಳ್ಳಿಯ ತೂಕದಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ನೀರೇ. ಆಮೇಲೆ ಮೂರು ಗಂಟೆ, ಮೇಲೆ ಒಂದೊಂದೇ ಗುಳ್ಳೆ ಏಳುವಷ್ಟು ಸಣ್ಣ ಉರಿ. ಗುಳ್ಳೆಯ ಆ ಸದ್ದಿಗೇ ನೇಪಲ್ಸ್‌ನವರು ‘ಪಿಪ್ಪಿಯಾರೆ’ ಎನ್ನುತ್ತಾರೆ. ಉರಿ ಜಾಸ್ತಿಯಾದರೆ ನೀರು ಬೇಗ ಆರಿ, ಒಳಗಿನ್ನೂ ಹಸಿಯಾಗಿರುವ ಈರುಳ್ಳಿ ಹೊರಗೆ ಕಂದುತ್ತದೆ. ಸಾಸ್ ಆಗುವುದರ ಬದಲು ಬಿರಿಯಾನಿಯ ಮೇಲಿನ ಹುರಿದ ಈರುಳ್ಳಿಯಾಗುತ್ತದೆ.

ವೈನ್ ಕೊನೆಯ ಗಂಟೆಯಲ್ಲಿ. ಮೊದಲೇ ಯಾಕೆ ಬೇಡ ಎಂದು ಕೇಳಿದ್ದಕ್ಕೆ ‘ಈರುಳ್ಳಿ ಗಟ್ಟಿಯಾಗಿಬಿಡುತ್ತದೆ’ ಎಂದರು. ಕಾರಣ ಸರಿಯಾಗಿಯೇ ಇದೆ. ಹುಳಿ ತಾಗಿದರೆ ತರಕಾರಿಯ ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಬೇಗ ಸಡಿಲವಾಗುವುದಿಲ್ಲ. ನಮ್ಮ ಮನೆಗಳಲ್ಲಿ ಈರುಳ್ಳಿ ಬಾಡುವ ಮೊದಲೇ ಟೊಮೇಟೊ ಸುರಿದ ಗೊಜ್ಜಿನಲ್ಲಿ ಎಷ್ಟು ಕುದಿಸಿದರೂ ಈರುಳ್ಳಿ ಕರಕರ ಉಳಿಯುವುದೂ ಇದರಿಂದಲೇ. ವೈನ್ ಬಿದ್ದ ಮೇಲೆ ಮುಚ್ಚಳ ತೆಗೆದು, ಸೌಟು ಬಿಡದೆ ಕೈಯಾಡಿಸುತ್ತ, ಕಡುಹೊನ್ನಿನ ಬಣ್ಣದ ಮುದ್ದೆಯಾಗುವವರೆಗೆ ನಲವತ್ತು ನಿಮಿಷ. ಒಂದು ತೆಳು ಎಳೆಯೂ ಕಣ್ಣಿಗೆ ಬೀಳಬಾರದು.

ಬೆಳ್ಳುಳ್ಳಿಯ ಮಾತು ಅಲ್ಲಿ ಬಂತು.

‘ಎರಡು ಎಸಳು ಹಾಕಿದರೆ ತಪ್ಪೇನು?’

‘ಯಾಕೆ ಹಾಕಬೇಕು? ಈರುಳ್ಳಿ ಇದೆಯಲ್ಲ.’

‘ರುಚಿಗೆ.’

‘ಯಾವುದರ ರುಚಿಗೆ? ನಾಲ್ಕು ಗಂಟೆ ಈರುಳ್ಳಿಯನ್ನು ಸಿಹಿ ಮಾಡಿದ್ದೇನೆ. ಈಗ ಬೆಳ್ಳುಳ್ಳಿ ಬಂದರೆ ಅದೊಂದೇ ಮಾತಾಡುತ್ತದೆ. ನಾಳೆ ಕಪ್ಪೆಚಿಪ್ಪು ತರುತ್ತೇನೆ, ಅದಕ್ಕೆ ಬೆಳ್ಳುಳ್ಳಿ. ಅದಕ್ಕೆ ಈರುಳ್ಳಿ ಹಾಕಿದರೆ ನನ್ನ ತಂಗಿ ಈ ಮನೆಯಲ್ಲಿ ಉಣ್ಣುವುದಿಲ್ಲ.’

ಈ ಒಂದು ಉತ್ತರದಲ್ಲಿ ಅಲ್ಲಿನ ಲೆಕ್ಕ ಇದೆ. ಬೇಗ ಆಗುವುದಕ್ಕೆ, ಮೀನು ಚಿಪ್ಪುಗಳಿಗೆ, ಸೊಪ್ಪಿಗೆ ಬೆಳ್ಳುಳ್ಳಿ. ಹೊತ್ತು ಹಿಡಿಯುವ ಮಾಂಸ, ಅನ್ನದ ರಿಸೊತ್ತೊಗೆ ಈರುಳ್ಳಿ. ಟೊಮೇಟೊ ಸಾಸ್‌ಗೆ ಎರಡರಲ್ಲಿ ಯಾವುದಾದರೂ ಒಂದು, ಮನೆಯ ರೂಢಿಯಂತೆ. ಮಿನೆಸ್ತ್ರೋನೆಯಂಥ ತರಕಾರಿ ಸಾರಿನಲ್ಲಿ ಎರಡೂ ಸೇರುವ ಮನೆಗಳು ಇವೆ, ಅದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ.

ಮಾಂಸ ತಿನ್ನದವರಿಗೆ ‘ಫಿಂತಾ ಜೆನೊವೆಸೆ’ ಇದೆ: ಮಾಂಸ ಬಿಟ್ಟು ಉಳಿದದ್ದೆಲ್ಲ ಹಾಗೆಯೇ. ನಾಲ್ವರಿಗೆ ಒಂದು ಕಿಲೋ ಈರುಳ್ಳಿ, 400 ಗ್ರಾಂ ಪಾಸ್ತಾ, ಎರಡು ಗಂಟೆ ಸಾಕು. ಕೈಯಲ್ಲಿ ಮುರಿದ ಉದ್ದನೆ ಕೊಳವೆ ‘ಜೀತಿ’ ಸಿಕ್ಕರೆ ಒಳ್ಳೆಯದು, ಸಾಸ್ ಒಳಗೆ ಇಳಿಯುತ್ತದೆ. ನಮ್ಮ ದಪ್ಪ ಕೆಂಪು ಈರುಳ್ಳಿಯಲ್ಲಿ ಮಾಡಿದರೆ ಬಣ್ಣ ಮಂಕಾಗುತ್ತದೆ. ಬಿಳಿ ಈರುಳ್ಳಿ ಹಿತ.

ಮರುದಿನದ ಬೆಳ್ಳುಳ್ಳಿಯದು ಐದು ನಿಮಿಷದ ಪಾಠ. ಸಿಪ್ಪೆ ಸಮೇತ ಎಸಳನ್ನು ಅಂಗೈಯಲ್ಲಿ ಒತ್ತಿ ತಣ್ಣನೆ ಎಣ್ಣೆಗೆ ಹಾಕಿ, ಆಮೇಲೆ ಒಲೆ ಹಚ್ಚಿದರು. ಬಾಣಲೆಯನ್ನು ವಾರೆ ಮಾಡಿ ಎಣ್ಣೆ ಒಂದು ಕಡೆ ನಿಲ್ಲುವಂತೆ ಹಿಡಿದು, ಎಸಳು ಅದರಲ್ಲಿ ಮುಳುಗಿರುವಂತೆ ನೋಡಿಕೊಂಡರು. ಬೆಳ್ಳುಳ್ಳಿಯಲ್ಲಿ ಈರುಳ್ಳಿಗಿಂತ ನೀರು ತೀರಾ ಕಡಿಮೆ, ಹಾಗಾಗಿ ಹೊನ್ನಿನಿಂದ ಕಂದಿಗೆ ಹೋಗಲು ಅರೆನಿಮಿಷ ಸಾಕು. ಕಂದಿದರೆ ಕಹಿ ಎಣ್ಣೆಗಿಳಿಯುತ್ತದೆ. ಎಸಳು ತೆಗೆದರೂ ಹೋಗದು, ಎಣ್ಣೆ ಚೆಲ್ಲಿ ಹೊಸದಾಗಿ ಶುರುಮಾಡಬೇಕು. ಜಜ್ಜಿದಷ್ಟೂ ಘಾಟು ಹೆಚ್ಚು, ಇಡಿಯಾಗಿಟ್ಟರೆ ಬರೀ ಪರಿಮಳ. ಹಳೇ ಬೆಳ್ಳುಳ್ಳಿಯಾದರೆ ಸೀಳಿ ನಡುವಿನ ಹಸಿರು ಮೊಳಕೆ ತೆಗೆಯುತ್ತಾರೆ.

ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ನಮ್ಮವರು ಇಟಲಿಗೆ ಹೋಗುವುದಿದ್ದರೆ ಒಂದು ಎಚ್ಚರ. ರೈಲು ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ‘ಎರಡೂ ಇಲ್ಲ’ ಎಂದು ಮಾತುಕೊಟ್ಟು ಜೊತೆಗಿದ್ದ ಹಿರಿಯರಿಗೆ ರಿಸೊತ್ತೊ ತಂದಿಟ್ಟರು. ಈರುಳ್ಳಿ ಬಾಡಿಸಿರಲಿಲ್ಲ, ನಿಜ. ಆದರೆ ಅನ್ನ ಬೆಂದದ್ದು ಈರುಳ್ಳಿ ಬೇಯಿಸಿದ ನೀರಿನಲ್ಲಿ. ಅರ್ಧ ಊಟವಾದ ಮೇಲೆ ಅದು ಗೊತ್ತಾಯಿತು. ಅವರು ತಟ್ಟೆ ಸರಿಸಿ ಎದ್ದರು, ಆ ಬೇಸರ ಇನ್ನೂ ಇದೆ. ಅಲ್ಲಿ ‘ಬ್ರೊದೊ’ ಎಂದರೆ ಮಾಂಸವನ್ನೋ ತರಕಾರಿಯನ್ನೋ ಕುದಿಸಿದ ನೀರು, ಯಾವುದಾದರೂ ಅದರಲ್ಲಿ ಈರುಳ್ಳಿ, ಕ್ಯಾರೆಟ್, ಸೆಲೆರಿ ಇರುವುದೇ ರೂಢಿ. ಅಂಗಡಿಯ ಸಾರಿನ ಬಿಲ್ಲೆ ‘ದಾದೊ’ದಲ್ಲೂ ಈರುಳ್ಳಿ ಇರುವುದೇ ರೂಢಿ. ಸಾರು, ರಿಸೊತ್ತೊ, ಮೊದಲೇ ಮಾಡಿಟ್ಟ ಟೊಮೇಟೊ ಸಾಸ್ ಬಿಟ್ಟುಬಿಡಿ. ‘ಸೆನ್ಸಾ ಆಲ್ಯೊ, ಸೆನ್ಸಾ ಚಿಪೊಲ್ಲಾ’ (ಬೆಳ್ಳುಳ್ಳಿ ಇಲ್ಲದೆ, ಈರುಳ್ಳಿ ಇಲ್ಲದೆ) ಎಂದಮೇಲೆ ‘ಬ್ರೊದೊದಲ್ಲಿ?’ ಎಂದು ಬೇರೆಯಾಗಿ ಕೇಳಿ. ನೇಪಲ್ಸ್‌ನ ಮಾರ್ಗೆರಿತಾ ಪಿಜ್ಜಾದಲ್ಲಿ ಟೊಮೇಟೊ, ಮೊಜ್ಜರೆಲ್ಲಾ, ತುಳಸಿ ಜಾತಿಯ ಬೆಸಿಲ್, ಎಣ್ಣೆ, ಉಪ್ಪು ಅಷ್ಟೇ. ಮರಿನಾರಾ ಬೇಡ, ಅದು ಬೆಳ್ಳುಳ್ಳಿಯದು. ರೋಮಿನ ‘ಕಾಚೊ ಎ ಪೆಪೆ’ ಬರೀ ಚೀಸ್ ಮತ್ತು ಮೆಣಸು, ಅದರಲ್ಲೂ ಎರಡೂ ಇಲ್ಲ. ಆದರೆ ಪೆಕೊರಿನೊ ರೊಮಾನೊ, ಪಾರ್ಮಿಜಾನೊ ಎರಡನ್ನೂ ಹೆಪ್ಪುಗಟ್ಟಿಸುವುದು ರೆನೆಟ್ ಎಂಬ ಪ್ರಾಣಿಜನ್ಯ ಕಿಣ್ವದಿಂದ. ಅದೂ ಸಲ್ಲದವರು ಚೀಸ್ ಬೇಡ ಎನ್ನಬೇಕು.